ಊರು ಬೆಳೆದರೆ ಸಿಡಿಲೂ ಬೆಳೆಯುತ್ತದೆಯೇ?

ಪ್ರಶ್ನೆ: ಹೊಸಕೋಟೆ ಹತ್ತಿರದ ಬಡಾವಣೆಯೊಂದರಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ ಇದೆ, ಎತ್ತರ ಸುಮಾರು 10 ಮೀಟರ್. ಹದಿನೈದು ವರ್ಷದ ಹಿಂದೆ ಸುತ್ತ ರಾಗಿ ಹೊಲಗಳಿದ್ದವು, ಈಗ ಗೋದಾಮು, ಅಪಾರ್ಟ್‌ಮೆಂಟು. ಈಚೆಗೆ ಸಿಡಿಲು ಜಾಸ್ತಿಯಾಗಿದೆ ಅನ್ನಿಸುತ್ತದೆ. ಎರಡು ಬೇಸಿಗೆಯಲ್ಲಿ ಟಿವಿ, ರೂಟರ್ ಸುಟ್ಟುಹೋದವು. ಬೆಂಗಳೂರು ಬೆಳೆದದ್ದೇ ಇದಕ್ಕೆ ಕಾರಣವೇ? ತಾರಸಿ ಮೇಲೆ ಲೈಟ್ನಿಂಗ್ ಅರೆಸ್ಟರ್ ಹಾಕಿಸಿದರೆ ಸಾಕೇ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಕೇಳಿರುವುದು ಮೂರು ಪ್ರಶ್ನೆ. ದೊಡ್ಡ ನಗರದ ಮೇಲೂ ಅದರ ಗಾಳಿ ಸಾಗುವ ದಿಕ್ಕಿನಲ್ಲೂ ಸಿಡಿಲು ಹೆಚ್ಚುತ್ತದೆಯೇ ಎಂದರೆ, ಹೌದು, ಪುರಾವೆ ಗಟ್ಟಿಯಾಗಿದೆ. ನಿಮ್ಮ ಬಡಾವಣೆಯಲ್ಲಿ ಹೆಚ್ಚಾಗಿದೆಯೇ ಎಂಬುದನ್ನು ಅನ್ನಿಸಿಕೆಯಿಂದ ತೀರ್ಮಾನಿಸಲಾಗದು. ಇನ್ನು ಅರೆಸ್ಟರ್ ಒಂದನ್ನೇ ಹಾಕಿಸಿದರೆ ಟಿವಿ ಉಳಿಯುವುದಿಲ್ಲ. ಕೆಲವೊಮ್ಮೆ ಮೊದಲಿಗಿಂತ ಬೇಗ ಹೋಗುತ್ತದೆ.

ಮೋಡದಲ್ಲಿ ವಿದ್ಯುತ್ತು ಹುಟ್ಟಲು ಬರೀ ನೀರು ಸಾಲದು, ಮಂಜುಗಡ್ಡೆ ಬೇಕು. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಮೇಲೆ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಇನ್ನೂ ಮೇಲೆ, ಮೈನಸ್ 10ರಿಂದ ಮೈನಸ್ 25 ಡಿಗ್ರಿಯ ಪದರದಲ್ಲಿ ಮೂರು ಬಗೆಯ ಸರಕು ಒಟ್ಟಿಗೆ ಇರಬೇಕು: ಅಷ್ಟು ಚಳಿಯಲ್ಲೂ ಹೆಪ್ಪುಗಟ್ಟದೆ ಉಳಿದ ನೀರಹನಿ, ಪುಟ್ಟ ಮಂಜಿನ ಹರಳು, ಮತ್ತು ಸಬ್ಬಕ್ಕಿ ಗಾತ್ರದ ಮೆದು ಆಲಿಕಲ್ಲು. ಹರಳು ಬಂದು ಸಬ್ಬಕ್ಕಿಗೆ ಡಿಕ್ಕಿ ಹೊಡೆದು ಪುಟಿದಾಗ ಒಂದರ ಮೇಲೆ ಧನ, ಇನ್ನೊಂದರ ಮೇಲೆ ಋಣ ಆವೇಶ ಉಳಿಯುತ್ತದೆ. ಹಗುರವಾದ ಹರಳನ್ನು ಗಾಳಿ ಮೋಡದ ನೆತ್ತಿಗೆ ಒಯ್ಯುತ್ತದೆ, ಭಾರವಾದ ಸಬ್ಬಕ್ಕಿ ನಡುವೆಯೇ ಉಳಿಯುತ್ತದೆ. ಹೀಗೆ ಮೇಲೆ ಧನ, ನಡುವೆ ಋಣ. ಸಾಮಾನ್ಯವಾಗಿ ನೆಲಕ್ಕೆ ಬೀಳುವ ಸಿಡಿಲು ಈ ನಡುವಿನ ಋಣ ಆವೇಶದ್ದು.

ಅಂದಮೇಲೆ, ಆ ಪದರಕ್ಕೆ ಹೆಚ್ಚು ನೀರನ್ನು ಏರಿಸುವ ಯಾವುದೇ ಸಂಗತಿ ಮಿಂಚನ್ನು ಹೆಚ್ಚಿಸುತ್ತದೆ. ನಗರ ಇದನ್ನು ಬಿಸಿಯಿಂದಲೂ ಮಾಡುತ್ತದೆ, ಹೊಗೆಯಿಂದಲೂ ಮಾಡುತ್ತದೆ.

ಬಿಸಿಯ ಮಾತು ಹಳೆಯದು. ಲಂಡನ್ ಪೇಟೆ ಸುತ್ತಲಿನ ಹಳ್ಳಿಗಿಂತ ಬೆಚ್ಚಗಿರುತ್ತದೆ ಎಂದು ಲ್ಯೂಕ್ ಹೊವಾರ್ಡ್ 1818ರಲ್ಲೇ ಅಳತೆ ಸಮೇತ ಬರೆದಿಟ್ಟಿದ್ದ. ಮೋಡಗಳಿಗೆ ಇಂದು ಬಳಸುವ ಹೆಸರುಗಳನ್ನು ಕೊಟ್ಟವನೂ ಅವನೇ. ಹೊಲದ ಮೇಲೆ ಬಿದ್ದ ಬಿಸಿಲಿನ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತದೆ. ಕಾಂಕ್ರೀಟು, ಡಾಂಬರು, ತಗಡಿನ ಮೇಲೆ ಬಿದ್ದದ್ದು ನೇರವಾಗಿ ಗಾಳಿಯನ್ನು ಕಾಯಿಸುತ್ತದೆ, ಉಳಿದದ್ದು ಗೋಡೆಯೊಳಗೆ ಸೇರಿ ಸಂಜೆಯಿಡೀ ಹೊರಬರುತ್ತದೆ. ಬಿಸಿಗಾಳಿ ಮೇಲೇರಿದಂತೆ ಅಂಚಿನಿಂದ ಗಾಳಿ ಒಳಕ್ಕೆ ಹರಿದು ಬಂದು ನಗರದ ಮೇಲೆ ಕೂಡುತ್ತದೆ. ಎತ್ತರದ ಕಟ್ಟಡಗಳಿಗೆ ತಾಗಿ ಗಾಳಿ ನಿಧಾನವಾಗುವುದರಿಂದ ಇನ್ನಷ್ಟು ಮೇಲಕ್ಕೆ ನೂಕಿಸಿಕೊಳ್ಳುತ್ತದೆ. ಇದರಿಂದ ಇಲ್ಲದ ಮೋಡ ಹುಟ್ಟುವುದು ಅಪರೂಪ. ಹುಟ್ಟಲು ತಯಾರಾಗಿರುವ ಮೋಡಕ್ಕೆ ಕೊನೆಯ ನೂಕು ಸಿಗುತ್ತದೆ, ಅಷ್ಟೇ. ಗಾಳಿಯಲ್ಲಿ ತೇವವಿಲ್ಲದ ದಿನ ನಗರ ಎಷ್ಟು ಕಾದರೂ ಗುಡುಗು ಬರುವುದಿಲ್ಲ.

ಹೊಗೆಯ ದಾರಿ ಸ್ವಲ್ಪ ಸುತ್ತಿನದು. ಪ್ರತಿ ಮೋಡಹನಿಗೂ ಅಂಟಿಕೊಳ್ಳಲು ಒಂದು ಕಣ ಬೇಕು. ಸ್ವಚ್ಛವಾದ ಕಡಲ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ನೂರರ ಆಸುಪಾಸು ಇಂಥ ಕಣಗಳಿದ್ದರೆ, ನಗರದ ಗಾಳಿಯಲ್ಲಿ ಸಾವಿರಗಟ್ಟಲೆ ಇರುತ್ತವೆ. ಇರುವ ನೀರನ್ನೇ ಅಷ್ಟು ಕಣಗಳು ಹಂಚಿಕೊಂಡಾಗ ಒಂದೊಂದು ಹನಿಯೂ ತೀರ ಸಣ್ಣದಾಗುತ್ತದೆ. ಹನಿಗಳು ಸುಮಾರು 14 ಮೈಕ್ರಾನ್ ತ್ರಿಜ್ಯಕ್ಕೆ ಬೆಳೆಯುವವರೆಗೆ ಒಂದಕ್ಕೊಂದು ಕೂಡಿ ಮಳೆಯಾಗುವುದು ಕಷ್ಟ. ಹಾಗಾಗಿ ಕೆಳಗೇ ಮಳೆಯಾಗಿ ಸುರಿಯಬೇಕಿದ್ದ ನೀರು ಸುರಿಯದೆ ಮೇಲೇರಿ ಮಂಜಿನ ಪದರ ಮುಟ್ಟುತ್ತದೆ. ಅಲ್ಲಿ ಹೆಪ್ಪುಗಟ್ಟುವಾಗ ಪ್ರತಿ ಕಿಲೋ ನೀರಿಗೆ 334 ಕಿಲೋಜೌಲ್ ಶಾಖ ಹೊರಬಿದ್ದು ಮೋಡ ಇನ್ನೂ ಮೇಲಕ್ಕೆ ಚಿಮ್ಮುತ್ತದೆ. ಮಳೆ ತಡವಾಯಿತು, ಆದರೆ ಬಂದಾಗ ಸಿಡಿಲಿನ ಸಮೇತ ಬಂತು.

ಇದೆಲ್ಲ ಬರೀ ತರ್ಕವಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ಸುತ್ತ 1971ರಿಂದ 1975ರವರೆಗೆ ನಡೆದ ಮೆಟ್ರೊಮೆಕ್ಸ್ ಅಧ್ಯಯನದಲ್ಲಿ ಗಾಳಿ ಸಾಗುವ ದಿಕ್ಕಿನ ಪ್ರದೇಶಕ್ಕೆ ಬೇಸಿಗೆಯ ಮಳೆಯೂ ಗುಡುಗೂ ಹೆಚ್ಚು ಎಂದು ಕಂಡಿತು. 1995ರಲ್ಲಿ ನ್ಯಾನ್ಸಿ ವೆಸ್ಟ್‌ಕಾಟ್ ಮಧ್ಯ ಅಮೆರಿಕದ 16 ನಗರಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ ಹೆಚ್ಚಿನ ನಗರಗಳ ಮೇಲೆ ಮತ್ತು ಗಾಳಿ ಸಾಗುವ ಬದಿಯಲ್ಲಿ ನೆಲಕ್ಕೆ ಬೀಳುವ ಸಿಡಿಲು ಸುತ್ತಲಿಗಿಂತ ಶೇ. 40ರಿಂದ 85ರಷ್ಟು ಜಾಸ್ತಿ ಇತ್ತು. ಬ್ರೆಜಿಲ್‌ನ ಸಾವೊ ಪಾವ್ಲೊ, ಕಾಂಪಿನಾಸ್, ಸಾವೊ ಜೋಸೆ ದೊಸ್ ಕಾಂಪೊಸ್ ನಗರಗಳಲ್ಲಿ ಋಣ ಸಿಡಿಲಿನ ಹೆಚ್ಚಳ ಶೇ. 60ರಿಂದ 100.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಟೆಕ್ಸಸ್‌ನ ಹ್ಯೂಸ್ಟನ್. ರಿಚರ್ಡ್ ಆರ್ವಿಲ್ ತಂಡ 1989ರಿಂದ 2000ದವರೆಗಿನ 16 ಲಕ್ಷ ಸಿಡಿಲುಗಳ ನಕ್ಷೆ ಮಾಡಿತು. ಬೇಸಿಗೆಯ ಮೂರು ತಿಂಗಳಲ್ಲಿ ಪ್ರತಿ ಚದರ ಕಿ.ಮೀ.ಗೆ 4ಕ್ಕಿಂತ ಹೆಚ್ಚು ಸಿಡಿಲು ಬೀಳುವ ಕೆಂಪು ಮಚ್ಚೆ ಸರಿಯಾಗಿ ನಗರದ ಹತ್ತಿರವೇ ಮೂಡಿತು. ಸುತ್ತಲಿನ ಪ್ರದೇಶಕ್ಕೆ ಹೋಲಿಸಿದರೆ ಹೆಚ್ಚಳ ಸುಮಾರು ಶೇ. 45. ತೊಡಕು ಏನೆಂದರೆ ಹ್ಯೂಸ್ಟನ್‌ನಲ್ಲಿ ಎಲ್ಲವೂ ಒಟ್ಟಿಗಿದೆ: ಕಾಂಕ್ರೀಟು, ಹಡಗು ಕಾಲುವೆಯ ಉದ್ದಕ್ಕೂ ಪೆಟ್ರೋಕೆಮಿಕಲ್ ಕಾರ್ಖಾನೆಗಳು, ಮಧ್ಯಾಹ್ನ ಗ್ಯಾಲ್ವೆಸ್ಟನ್ ಕಡೆಯಿಂದ ಬರುವ ಕಡಲಗಾಳಿ. ಯಾವುದರ ಪಾಲು ಎಷ್ಟು?

ಬಿಡಿಸಿ ನೋಡಲು ಮೂರು ಕಡೆಯಿಂದ ಸುಳಿವು ಸಿಗುತ್ತದೆ. ಲೂಸಿಯಾನಾದ ಲೇಕ್ ಚಾರ್ಲ್ಸ್ ಚಿಕ್ಕ ಊರು, ಆದರೆ ತೈಲ ಶುದ್ಧೀಕರಣ ಘಟಕಗಳಿವೆ. ಕಾಂಕ್ರೀಟು ಕಡಿಮೆ ಇದ್ದರೂ ಅಲ್ಲಿ ಸಿಡಿಲಿನ ಹೆಚ್ಚಳ ಕಂಡಿದೆ. ಎರಡನೆಯದು ವಾರದ ಲೆಕ್ಕ. ಅಮೆರಿಕದ ಆಗ್ನೇಯ ಭಾಗದಲ್ಲಿ ಬೇಸಿಗೆಯ ಸಿಡಿಲು ವಾರದ ನಡುವೆ ಏರಿ, ವಾರಾಂತ್ಯದಲ್ಲಿ ಇಳಿಯುತ್ತದೆ. ರಸ್ತೆ, ಗೋಡೆಗಳಿಗೆ ಭಾನುವಾರ ರಜೆ ಇಲ್ಲ, ವಾಹನದ ಹೊಗೆಗೆ ಇದೆ. ಮೂರನೆಯದು ನನಗೆ ಎಲ್ಲಕ್ಕಿಂತ ಬಲವಾದದ್ದು ಎನಿಸುತ್ತದೆ, ಏಕೆಂದರೆ ಅಲ್ಲಿ ನಗರವೇ ಇಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಾದು ಮಲಾಕ್ಕಾ ಜಲಸಂಧಿಯ ಮೂಲಕ ಸಿಂಗಪುರಕ್ಕೆ ಹೋಗುವ ಹಡಗುದಾರಿಯ ನೆತ್ತಿಯಲ್ಲೇ ಅಕ್ಕಪಕ್ಕದ ಕಡಲಿಗಿಂತ ಸುಮಾರು ಎರಡು ಪಟ್ಟು ಮಿಂಚು ಇರುವುದು 2017ರಲ್ಲಿ ಬೆಳಕಿಗೆ ಬಂತು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿದರು. ಆಮೇಲೆ ಸಿಂಗಪುರದ ಬಳಿಯ ದಾರಿಯ ಮೇಲಿನ ಮಿಂಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಗರದ ಮಾತು ಬಂದಾಗ ಬಿಸಿಯನ್ನಷ್ಟೇ ಹೇಳಿ ಮುಗಿಸುವವರು ಈ ಹಡಗುಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಹಾಗೆಂದು ಹೊಗೆ ಹೆಚ್ಚಿದಷ್ಟೂ ಸಿಡಿಲು ಹೆಚ್ಚುತ್ತಲೇ ಹೋಗುವುದಿಲ್ಲ. ಮುಸುಕು ದಟ್ಟವಾದರೆ ಬಿಸಿಲು ನೆಲಕ್ಕೆ ಇಳಿಯುವುದಿಲ್ಲ, ನೆಲ ಕಾಯದಿದ್ದರೆ ಗಾಳಿ ಏರುವುದಿಲ್ಲ. ಅಮೆಜಾನ್‌ನಲ್ಲೂ ಆಫ್ರಿಕಾದಲ್ಲೂ ಗಾಳಿಯ ಮಬ್ಬನ್ನು ಅಳೆಯುವ ಸೂಚ್ಯಂಕ 0.25–0.3 ದಾಟಿದ ಮೇಲೆ ಮಿಂಚು ಇಳಿಯತೊಡಗಿದ್ದು ಕಂಡಿದೆ. ಇನ್ನೊಂದು ಅಪವಾದವೂ ಇದೆ. ದೂರದಿಂದ ಬಲವಾಗಿ ಸಾಗಿಬರುವ ಗುಡುಗುಮಳೆ ಕೆಲವೊಮ್ಮೆ ನಗರದ ಅಂಚಿಗೆ ಬಂದು ಎರಡು ಕವಲಾಗಿ ಪಕ್ಕಕ್ಕೆ ಸರಿಯುತ್ತದೆ. ನ್ಯೂಯಾರ್ಕ್‌ನಲ್ಲಿ ಇದು ದಾಖಲಾಗಿದೆ. ಆಗ ನಡುಪೇಟೆಗಿಂತ ಅಂಚಿನ ಊರುಗಳಿಗೇ ಪೆಟ್ಟು ಹೆಚ್ಚು.

ಈಗ ಹೊಸಕೋಟೆಗೆ ಬರೋಣ. ಅದು ಬೆಂಗಳೂರಿನ ಪೂರ್ವಕ್ಕಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರಾಗಿ ಬೀಸುವುದರಿಂದ ನೀವು ನಗರದ ಹೊಗೆಯ ಹಾದಿಯಲ್ಲೇ ಇರುತ್ತೀರಿ. ಆದರೆ ಆ ತಿಂಗಳುಗಳ ಮೋಡ ಗಿಡ್ಡ, ಮಂಜಿನ ಪದರ ಮುಟ್ಟುವುದು ಕಡಿಮೆ. ಸಿಡಿಲಿನ ಕಾಲವೆಂದರೆ ಭರಣಿ, ಕೃತ್ತಿಕೆ ಮಳೆಗಳ ಏಪ್ರಿಲ್–ಮೇ, ಮತ್ತೆ ಸ್ವಲ್ಪ ಮಟ್ಟಿಗೆ ಉತ್ತರೆ, ಹಸ್ತ, ಚಿತ್ತೆಯ ಸೆಪ್ಟೆಂಬರ್–ಅಕ್ಟೋಬರ್. ಆಗ ಗಾಳಿ ಮೆಲ್ಲಗಿರುತ್ತದೆ, ದಿನದಿಂದ ದಿನಕ್ಕೆ ದಿಕ್ಕು ಬದಲಿಸುತ್ತದೆ. ಹಾಗಾಗಿ ‘ನಗರದ ಗಾಳಿ ಸಾಗುವ ಬದಿ’ ಎಂಬುದು ನಿಮ್ಮಲ್ಲಿ ಖಾಯಂ ಜಾಗವಲ್ಲ, ಆಯಾ ಸಂಜೆಯ ಸಂಗತಿ. ಗಾಳಿ ಮೆಲ್ಲಗಿರುವ ದಿನಗಳಲ್ಲೇ ನಗರದ ಬಿಸಿಯ ಪ್ರಭಾವ ಚೆನ್ನಾಗಿ ಕಾಣುತ್ತದೆ ಎಂಬುದೂ ನಿಜ. ಅಂದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ, ರುಜುವಾತು ಇಲ್ಲ.

ರುಜುವಾತು ಬೇಕೆಂದರೆ ಅಂಕಿಅಂಶ ನೋಡುವಾಗ ಮೋಸಹೋಗುವ ಕೆಲವು ಜಾಗ ಗೊತ್ತಿರಬೇಕು. ಸಿಡಿಲು ಗುರುತಿಸುವ ಜಾಲಕ್ಕೆ ಹೊಸ ಸಂವೇದಕ ಸೇರಿದಾಗೆಲ್ಲ ಮೊದಲು ಕಾಣದಿದ್ದ ಸಣ್ಣ ಮಿಂಚೂ ಕಾಣುತ್ತದೆ, ಗ್ರಾಫ್ ಏರುತ್ತದೆ, ಆಕಾಶದಲ್ಲಿ ಏನೂ ಬದಲಾಗಿರುವುದಿಲ್ಲ. ಅಮೆರಿಕದ ಜಾಲ 1994–95ರಲ್ಲಿ ಮೇಲ್ದರ್ಜೆಗೇರಿದಾಗ ಮೋಡದೊಳಗಿನ ಮಿಂಚುಗಳೇ 10 ಕಿಲೋಆಂಪಿಯರ್‌ಗಿಂತ ಕಡಿಮೆಯ ಧನ ಸಿಡಿಲುಗಳೆಂದು ಲೆಕ್ಕಕ್ಕೆ ನುಗ್ಗಿದ್ದವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ಜಾಲವೂ ಹಂತಹಂತವಾಗಿ ಬೆಳೆದದ್ದು. ಆದ್ದರಿಂದ ಒಂದೇ ಜಾಗದ ಹಳೆಯ ವರ್ಷ, ಹೊಸ ವರ್ಷಗಳನ್ನು ಹೋಲಿಸುವ ಬದಲು ಅದೇ ವರ್ಷದಲ್ಲಿ ನಗರ ಮತ್ತು ಹೊರವಲಯವನ್ನು ಹೋಲಿಸುವುದು ಕ್ಷೇಮ. ಸಮಾನ ತ್ರಿಜ್ಯದ ವೃತ್ತ ಎಳೆಯಿರಿ, 15 ಕಿ.ಮೀ. ಇರಲಿ: ಒಂದು ನಗರದ ಮೇಲೆ, ನಾಲ್ಕು ದಿಕ್ಕಿನಲ್ಲಿ ತಲಾ ಒಂದು. ನಂದಿಬೆಟ್ಟದಂಥ ಗುಡ್ಡ ಒಳಗೆ ಬಂದರೆ ಆ ವೃತ್ತ ಬಿಡಿ, ಗುಡ್ಡವೂ ಮೋಡ ಏರಿಸುತ್ತದೆ. ಒಂದು ಸಿಡಿಲಿನಲ್ಲಿ ಮೂರು ನಾಲ್ಕು ಹೊಡೆತ ಇರುವುದು ಸಾಮಾನ್ಯ, ಎರಡನ್ನೂ ಬೆರೆಸಬೇಡಿ. ಒಂದೇ ರಾತ್ರಿಯ ಬಿರುಮಳೆ ಇಡೀ ವರ್ಷದ ದೊಡ್ಡ ಪಾಲನ್ನು ಕೊಟ್ಟುಬಿಡುತ್ತದೆ, ಆದ್ದರಿಂದ ಸಿಡಿಲಿನ ಸಂಖ್ಯೆಯ ಪಕ್ಕದಲ್ಲಿ ಸಿಡಿಲು ಬಿದ್ದ ದಿನಗಳ ಸಂಖ್ಯೆಯನ್ನೂ ಇಡಿ. ಹತ್ತು ವರ್ಷಕ್ಕಿಂತ ಕಡಿಮೆ ಅವಧಿಯಿಂದ ಏನನ್ನೂ ಹೇಳಲು ಹೋಗಬೇಡಿ. ಕಿವಿಗೆ ಕೇಳಿದ ಗುಡುಗಿನ ಲೆಕ್ಕವಂತೂ ಬೇಡ. ಹೊಲದ ನಡುವೆ 15 ಕಿ.ಮೀ. ದೂರದ್ದೂ ಕೇಳಿಸೀತು, ಹೆದ್ದಾರಿ ಪಕ್ಕದಲ್ಲಿ ಅದರರ್ಧವೂ ಕೇಳದು.

ಎತ್ತರದ ಕಟ್ಟಡ ಬಂದದ್ದರಿಂದ ಸಿಡಿಲು ಹೆಚ್ಚಿತು ಎನ್ನುವವರೂ ಇದ್ದಾರೆ. ಟೊರಾಂಟೊದ 553 ಮೀಟರ್ ಸಿಎನ್ ಟವರಿಗೆ ವರ್ಷಕ್ಕೆ 75ರ ಸುತ್ತಮುತ್ತ ಸಿಡಿಲು ತಗಲುತ್ತದೆ, ಅವುಗಳಲ್ಲಿ ಹೆಚ್ಚಿನವನ್ನು ಗೋಪುರವೇ ಮೇಲ್ಮುಖವಾಗಿ ಹೊರಡಿಸುತ್ತದೆ. ನಿಮ್ಮ ಪಕ್ಕದ 60 ಮೀಟರಿನ ಅಪಾರ್ಟ್‌ಮೆಂಟು ಹಾಗಲ್ಲ. ಅದು ಹೇಗಿದ್ದರೂ ಅಕ್ಕಪಕ್ಕ ಬೀಳುತ್ತಿದ್ದ ಸಿಡಿಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬಡಾವಣೆಯ ಒಟ್ಟು ಲೆಕ್ಕ ಬದಲಾಗದು.

ನಿಮ್ಮ ಮನೆಯ ಮಟ್ಟಿಗೆ ಈ ಶೇಕಡಾವಾರುಗಳಿಗೆ ಎಷ್ಟು ಬೆಲೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸಿಡಿಲು ರಕ್ಷಣೆಯ ಐಎಸ್/ಐಇಸಿ 62305 ಮಾನಕದಲ್ಲಿ ಕಟ್ಟಡ ಸಿಡಿಲನ್ನು ಸೆಳೆಯುವ ವಿಸ್ತೀರ್ಣಕ್ಕೆ ಸೂತ್ರವಿದೆ: ಉದ್ದ × ಅಗಲ, ಅದಕ್ಕೆ 6 × ಎತ್ತರ × (ಉದ್ದ + ಅಗಲ), ಅದಕ್ಕೆ 28.3 × ಎತ್ತರದ ವರ್ಗ ಕೂಡಿಸಬೇಕು. 12 ಮೀ. ಉದ್ದ, 9 ಮೀ. ಅಗಲ, 10 ಮೀ. ಎತ್ತರದ ಮನೆಗೆ ಸುಮಾರು 4,200 ಚದರ ಮೀಟರ್ ಬರುತ್ತದೆ. ಲೆಕ್ಕಕ್ಕೆಂದು ವರ್ಷಕ್ಕೆ ಚದರ ಕಿ.ಮೀ.ಗೆ 4 ಸಿಡಿಲು ಹಿಡಿಯೋಣ. ಬಯಲಲ್ಲಿ ಒಂಟಿಯಾಗಿದ್ದರೆ ಅಂಥ ಮನೆಗೆ ನೇರ ಸಿಡಿಲು ಸರಾಸರಿ 60 ವರ್ಷಕ್ಕೊಮ್ಮೆ. ನಗರದಿಂದಾಗಿ ಸಿಡಿಲು ಶೇ. 45 ಹೆಚ್ಚಿದರೆ 41 ವರ್ಷಕ್ಕೊಮ್ಮೆ. ಸುತ್ತ ಎತ್ತರದ ಕಟ್ಟಡ ಎದ್ದರೆ ಮಾನಕ ಇದನ್ನು ಕಾಲುಭಾಗಕ್ಕೆ ಇಳಿಸುತ್ತದೆ: 160 ವರ್ಷಕ್ಕೊಮ್ಮೆ. ಊರು ಬೆಳೆದದ್ದರಿಂದ ನಿಮ್ಮ ತಾರಸಿಯ ಅಪಾಯ ಕಡಿಮೆಯೇ ಆಗಿರಬಹುದು! ಅತ್ತ 30 ಮೀ. ಚೌಕದ, 60 ಮೀ. ಎತ್ತರದ ಅಪಾರ್ಟ್‌ಮೆಂಟಿನ ವಿಸ್ತೀರ್ಣ 1.24 ಲಕ್ಷ ಚದರ ಮೀಟರ್. ಒಂಟಿಯಾಗಿ ನಿಂತಿದ್ದರೆ ಅದಕ್ಕೆ ಎರಡು ವರ್ಷಕ್ಕೊಮ್ಮೆ ಹೊಡೆತ.

ಟಿವಿ, ರೂಟರಿನ ಲೆಕ್ಕ ಬೇರೆ. ಅವು ಸುಡಲು ಸಿಡಿಲು ಮನೆಗೇ ಬೀಳಬೇಕಿಲ್ಲ. 500 ಮೀಟರ್ ಒಳಗೆ ಎಲ್ಲಿ ಬಿದ್ದರೂ ತಂತಿಗಳಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಅದರ ವಿಸ್ತೀರ್ಣ ಸುಮಾರು 0.8 ಚದರ ಕಿ.ಮೀ., ಅಂದರೆ ವರ್ಷಕ್ಕೆ ಮೂರು ಸಲ. ಶೇ. 45 ಹೆಚ್ಚಾದರೆ ನಾಲ್ಕೈದು ಸಲ. ನಗರದ ಪರಿಣಾಮ ನಿಮ್ಮನ್ನು ಮುಟ್ಟುವುದಾದರೆ ತಂತಿಯ ಮೂಲಕವೇ.

ಆದರೆ ಮೊದಲು ಸುಟ್ಟದ್ದು ಸಿಡಿಲಿನಿಂದಲೇ ಎಂದು ಖಾತ್ರಿ ಮಾಡಿಕೊಳ್ಳಿ. ಸುಡುವ ಮುನ್ನ ಬಲ್ಬು ಝಗ್ಗನೆ ಉರಿದು, ಫ್ಯಾನು ಜೋರಾಗಿ ತಿರುಗಿ, ಅಕ್ಕಪಕ್ಕದ ಮನೆಗಳಲ್ಲೂ ಹಾಗೆಯೇ ಆಗಿದ್ದರೆ ಅದು ಗಾಳಿಗೆ ನ್ಯೂಟ್ರಲ್ ತಂತಿ ಕಡಿದದ್ದು. 230 ವೋಲ್ಟ್ ಬರಬೇಕಾದಲ್ಲಿ 400ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೆ ಓವರ್ ವೋಲ್ಟೇಜ್ ಬಂದಾಗ ಲೈನ್ ಕಡಿದುಹಾಕುವ ರಿಲೇ ಬೇಕು, ಕ್ಷಣಮಾತ್ರ ಚಿಮ್ಮುವ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಸರ್ಜ್ ಸಾಧನ ಅದನ್ನು ತಡೆಯುವುದಿಲ್ಲ, ತಾನೇ ಸುಡುತ್ತದೆ. ರೂಟರಿನ ನೆಟ್‌ವರ್ಕ್ ಪೋರ್ಟು, ಟಿವಿಯ ಕೇಬಲ್ ಹಾಕುವ ಭಾಗ ಮಾತ್ರ ಸತ್ತಿದ್ದರೆ ಸಿಡಿಲಿನ ಅನುಮಾನ ಬಲವಾಗುತ್ತದೆ.

ಸಿಡಿಲಿಗೆ ಮೊದಲ ಕೆಲಸ ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಎಂಬ ಸರ್ಜ್ ಸಾಧನ. ಕಂಬದಿಂದ ಮೇಲುತಂತಿಯಲ್ಲಿ ವಿದ್ಯುತ್ ಬರುತ್ತಿದ್ದರೆ, ಅಥವಾ ಅರೆಸ್ಟರ್ ಇದ್ದರೆ, ಟೈಪ್ 1+2 ತೆಗೆದುಕೊಳ್ಳಿ, ಪ್ರತಿ ಧ್ರುವಕ್ಕೆ 12.5 ಕಿಲೋಆಂಪಿಯರ್ ತಾಳುವಂಥದ್ದು. ನೆಲದಡಿಯ ಕೇಬಲ್ ಇದ್ದು ಅರೆಸ್ಟರ್ ಇಲ್ಲದಿದ್ದರೆ ಟೈಪ್ 2 ಸಾಕು. ತಾಳಿಕೆಯ ವೋಲ್ಟೇಜ್ 275ರ ಬದಲು 320 ಇರುವುದನ್ನು ಆರಿಸಿ, ನಮ್ಮ ಲೈನಿನ ಏರಿಳಿತಕ್ಕೆ ಅದು ವಾಸಿ. ಉಳಿಕೆ ವೋಲ್ಟೇಜ್, ಅಂದರೆ ಸಾಧನ ತಡೆದ ಮೇಲೂ ಒಳಕ್ಕೆ ಬರುವಷ್ಟು, 1.5 ಕಿಲೋವೋಲ್ಟ್ ಮೀರಬಾರದು. ಹೆಚ್ಚಿನ ಎಲೆಕ್ಟ್ರಿಷಿಯನ್‌ಗಳು ತಪ್ಪು ಮಾಡುವುದು ತಂತಿಯ ಉದ್ದದಲ್ಲಿ. ಸಾಧನಕ್ಕೆ ಹೋಗುವ ಮತ್ತು ಅಲ್ಲಿಂದ ಅರ್ಥ್ ಪಟ್ಟಿಗೆ ಬರುವ ತಂತಿ ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು. ಸಿಡಿಲಿನ ಚಿಮ್ಮುವಿಕೆಗೆ ಪ್ರತಿ ಮೀಟರ್ ತಂತಿಯೂ ಸುಮಾರು 1000 ವೋಲ್ಟ್ ಸೇರಿಸುತ್ತದೆ. ಅಂದವಾಗಿ ಕಾಣಲೆಂದು ಸುರುಳಿ ಸುತ್ತಿ ಬಿಟ್ಟರೆ ದುಡ್ಡು ದಂಡ. ಸಾಧನದ ಕಿಟಕಿ ಹಸಿರಿನಿಂದ ಕೆಂಪಾದರೆ ಅದು ಕೆಲಸ ಮುಗಿಸಿ ಸತ್ತಿದೆ, ಬದಲಿಸಬೇಕು. ಇಂಟರ್‌ನೆಟ್ಟಿಗೆ ತಾಮ್ರದ ಕೇಬಲ್ ತೆಗೆಸಿ, ಒಳಗೆ ಲೋಹದ ಎಳೆ ಇಲ್ಲದ ಫೈಬರ್ ಹಾಕಿಸಿದರೆ ಆ ಬಾಗಿಲು ಮುಚ್ಚಿದಂತೆ.

ಎರಡನೆಯದು ಅರ್ಥಿಂಗ್. ಮೀಟರಿಗೆ ಒಂದು ಗುಂಡಿ, ಅರೆಸ್ಟರಿಗೆ ಇನ್ನೊಂದು, ಎರಡನ್ನೂ ಸೇರಿಸಲೇಬಾರದು ಎಂಬ ನಂಬಿಕೆ ಗಟ್ಟಿಯಾಗಿದೆ, ಅದು ತಪ್ಪು. 30 ಕಿಲೋಆಂಪಿಯರಿನ ಸಿಡಿಲು 10 ಓಮ್ ಗುಂಡಿಗೆ ಇಳಿದರೆ ಆ ಗುಂಡಿ ಕ್ಷಣಕಾಲ 3 ಲಕ್ಷ ವೋಲ್ಟಿಗೆ ಏರುತ್ತದೆ. ಪಕ್ಕದ ಗುಂಡಿ ಸೊನ್ನೆಯಲ್ಲೇ ಇದ್ದರೆ, ಆ ವ್ಯತ್ಯಾಸ ಹಾರಿಕೊಳ್ಳುವುದು ನಿಮ್ಮ ಟಿವಿಯೊಳಗೆ. ಅರೆಸ್ಟರ್ ಹಾಕಿಸಿದ ಮೇಲೆ ಸಾಮಾನು ಬೇಗ ಸುಡುವುದು ಇದರಿಂದಲೇ. ಎಲ್ಲ ಗುಂಡಿಗಳನ್ನೂ ನೆಲದಡಿಯ ಪಟ್ಟಿಯಿಂದ ಬೆಸೆಯಿರಿ. ಮನೆಯ ಕಬ್ಬಿಣದ ನೀರಿನ ಪೈಪು, ಸೋಲಾರ್ ಹೀಟರಿನ ಸ್ಟ್ಯಾಂಡು, ಡಿಶ್‌ನ ಕಂಬವನ್ನೂ ಅದಕ್ಕೇ ಸೇರಿಸಿ. ನಿಮ್ಮ ಭಾಗದಲ್ಲಿ ಕೆಂಪು ಮಣ್ಣಿನ ಕೆಳಗೆ ಬೇಗ ಬಂಡೆ ಸಿಗುವುದರಿಂದ ಒಂದೇ ಗುಂಡಿಯಿಂದ 10 ಓಮ್ ಬರುವುದು ಕಷ್ಟ. ಮನೆಯ ಸುತ್ತ ಅರ್ಧ ಮೀಟರ್ ಆಳದಲ್ಲಿ, ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಪಟ್ಟಿಯ ಉಂಗುರ ಹಾಕುವುದು ಒಳ್ಳೆಯದು.

ಇವೆರಡೂ ಆದ ಮೇಲೆ ಅರೆಸ್ಟರಿನ ಮಾತು. ನಿಮ್ಮ ಎತ್ತರದ ಮನೆಗೆ, ಸುತ್ತ ಎತ್ತರದ ಕಟ್ಟಡಗಳಿರುವಾಗ, ಅದು ತುರ್ತಲ್ಲ. ಹಾಕಿಸುವುದಾದರೆ ಕೆಳಕ್ಕಿಳಿಯುವ ಪಟ್ಟಿ ಕನಿಷ್ಠ ಎರಡು, ಎದುರುಬದುರು ಮೂಲೆಗಳಲ್ಲಿ. 25×3 ಮಿ.ಮೀ. ಜಿಐ ಪಟ್ಟಿ ಸಾಕು. ಚೂಪು ತಿರುವು ಬೇಡ. ಒಂದೇ ಕಡ್ಡಿ ನೂರು ಮೀಟರ್ ಸುತ್ತಳತೆ ಕಾಯುತ್ತದೆ ಎಂದು ಮಾರುವ ದುಬಾರಿ ಸಾಧನಗಳಿಗೆ ಐಇಸಿ ಮಾನಕ ಹೆಚ್ಚುವರಿ ವ್ಯಾಪ್ತಿ ಕೊಡುವುದಿಲ್ಲ, ಸಾದಾ ಕಡ್ಡಿಯಷ್ಟೇ ಲೆಕ್ಕ.

ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ತಾರಸಿಯಲ್ಲಿ ಬಟ್ಟೆ ತೆಗೆಯಲು, ಟ್ಯಾಂಕ್ ನೋಡಲು ಹೋಗಬೇಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ದಾಮಿನಿ ಅಥವಾ ಸಿಡಿಲು ಆ್ಯಪ್ ಮುನ್ನೆಚ್ಚರಿಕೆ ಕೊಟ್ಟಾಗಲೇ ಪ್ಲಗ್ ಕೀಳಿ. ಸಿಡಿಲು ತಲೆಯ ಮೇಲೆ ಬಂದಾಗ ಕೀಳಲು ಕೈ ಹಾಕಬೇಡಿ.